ಆಳದ ತುದಿಯ ನಾಣ್ಯ

ಡಿಸೆಂಬರ್ 3, ಬೆಳಿಗ್ಗೆ

ಇವತ್ತು ಈಜುಕೊಳದಲ್ಲಿ ನಾಲ್ಕು ನೆಲಗಪ್ಪೆ. ಮೂರು ಸತ್ತಿದ್ದವು. ಬದುಕಿದ್ದ ಒಂದು ಬಲೆಯಲ್ಲಿ ಕೂತು ನನ್ನನ್ನೇ ನೋಡಿತು, ಯಾಕಿಷ್ಟು ತಡ ಎಂಬಂತೆ. ಬೇಲಿಯಾಚೆ ಬಿಟ್ಟೆ. ನಾಳೆ ಮತ್ತೆ ಬರುತ್ತದೆ.

ಕೊಳದ ನೀರು ಹಾಗೇ ಇದೆ. ಕುದಿಸಿ ಮರೆತ ಸೊಪ್ಪಿನ ಬಣ್ಣ. ಎರಡನೇ ಮೆಟ್ಟಿಲು ಕಾಣುವುದಿಲ್ಲ. ಜುಲೈ ಚಳಿಗಾಲದಲ್ಲಿ ಪಂಪ್ ಕೆಟ್ಟು ಕೂತಿತ್ತು, ಅಲ್ಲಿಂದ ಕೊಳದ ಕಡೆ ಯಾರೂ ಹೋಗಿರಲಿಲ್ಲ. ಹೋದ ವಾರ ಹೊಸ ಮೋಟರ್ ಬಂತು. ಜೊತೆಗೆ ನನಗೆ ಶಿಕ್ಷೆಯೂ ಬಂತು.

ಶಿಕ್ಷೆಯಲ್ಲ, ಒಪ್ಪಂದ. ಸರಿಯಾಗಿ ಬರೆಯಬೇಕು. ರಸ್ಸೆಲ್ ಮಾವನ ಸಿಗಡಿ ಹಿಡಿಯುವ ದೋಣಿಗೆ ಹೊಸ ವರ್ಷದಿಂದ ಒಬ್ಬ ಆಳು ಬೇಕು. ನಾನು ಹೋಗುತ್ತೇನೆ ಎಂದೆ. ಅಮ್ಮ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗಿಟಾರ್ ಅರ್ಧಕ್ಕೆ ಬಿಟ್ಟೆ. ನೆಟ್‌ಬಾಲ್ ಅರ್ಧಕ್ಕೆ ಬಿಟ್ಟೆ. ಹನ್ನೊಂದನೇ ಕ್ಲಾಸು ಅರ್ಧಕ್ಕೆ ಬಿಟ್ಟೆ. ದೋಣಿ ಸಮುದ್ರದ ಮಧ್ಯ ಇರುತ್ತೆ ಕಣೇ ಟೀಗನ್. ಅದರಿಂದ ಅರ್ಧಕ್ಕೆ ಇಳಿಯೋಕಾಗಲ್ಲ."

"ಇಳಿಯಲ್ಲ."

"ಹಾಗಾದ್ರೆ ಒಂದೇ ಒಂದು ಕೆಲಸ ಮುಗಿಸಿ ತೋರ್ಸು ನೋಡೋಣ."

ಹೊರಗೆ ಕರೆದುಕೊಂಡು ಹೋದಳು. ಕೆಲಸದ ಯೂನಿಫಾರ್ಮಿನ ಜೇಬಿನಿಂದ, ಒಂದು ಕಡೆ ರಾಣಿ, ಇನ್ನೊಂದು ಕಡೆ ಬಾತುಕೊಕ್ಕಿನ ಪ್ಲಾಟಿಪಸ್ ಪ್ರಾಣಿ ಇರುವ ಇಪ್ಪತ್ತು ಸೆಂಟಿನ ನಾಣ್ಯ ತೆಗೆದು ಕೊಳದ ಆಳದ ತುದಿಗೆ ಎಸೆದಳು. ಬುಳಕ್. ಆಮೇಲೆ ಹಸಿರು.

"ಕ್ರಿಸ್‌ಮಸ್ ಊಟದ ಹೊತ್ತಿಗೆ ಅದು ದಡದಿಂದ ಕಾಣ್ಬೇಕು. ಕಂಡ್ರೆ ದೋಣಿ. ಇಲ್ಲಾಂದ್ರೆ ಜನವರಿಯಲ್ಲಿ ಸ್ಕೂಲು."

"ಕಂಡಿದೆಯೋ ಇಲ್ವೋ ಅಂತ ಯಾರು ಹೇಳೋದು? ಕನ್ನಡಕ ಇಲ್ದೆ ನಿನಗೆ ನಾನೇ ಕಾಣಲ್ಲ."

"ನೀನೇ ಹೇಳು. ನಿನ್ನಲ್ಲಿ ಇರಬಾರದ ಬುದ್ಧಿಯೆಲ್ಲ ಇದೆ, ಸುಳ್ಳು ಹೇಳೋದೊಂದಿಲ್ಲ."

ಹೊಗಳಿದಳೋ ಕಟ್ಟಿಹಾಕಿದಳೋ ಇನ್ನೂ ತಿಳಿದಿಲ್ಲ.

ಡಿಸೆಂಬರ್ 4

ನೀರನ್ನು ಬಾಟಲಿಗೆ ತುಂಬಿಕೊಂಡು, ಈಜುಕೊಳದ ಸಾಮಾನು ಮಾರುವ ಪೂಲ್ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇದೇನು, ಔಷಧಿನಾ?"

"ನಮ್ಮ ಕೊಳ."

"ಯಾರಾದ್ರೂ ಒಳಗೆ ಬಿದ್ದಿದ್ರೆ ಗೊತ್ತಾಗ್ತಿತ್ತಾ?"

ಯೋಚಿಸಿದೆ. "ಇಲ್ಲ" ಎಂದೆ. ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹೇಳಿದ್ದು ಇಷ್ಟು: ಕ್ಲೋರಿನ್ ಧಾರಾಳವಾಗಿ ಸುರಿ, ಗೋಡೆ ಉಜ್ಜು, ಪಂಪನ್ನು ಹಗಲೂ ರಾತ್ರಿ ನಿಲ್ಲಿಸಬೇಡ. ನಿಲ್ಲಿಸಿದರೆ ಪಾಚಿ ಮತ್ತೆ ಎದ್ದು ಕೂರುತ್ತದೆ. ಕ್ಲೋರಿನ್ ಡಬ್ಬಗಳನ್ನು ಬಸ್ಸಿಗೆ ಹತ್ತಿಸಲು ಡ್ರೈವರ್ ಬಿಡಲಿಲ್ಲ. ಕೈಯಲ್ಲಿ ಹೊತ್ತು ಬಂದೆ. ಡಿಸೆಂಬರಿನ ಬೇಸಿಗೆ ಬಿಸಿಲು, ಮೂವತ್ತೆಂಟು ಡಿಗ್ರಿ.

ಡಿಸೆಂಬರ್ 6

ಉಜ್ಜಿದೆ. ತೋಳು ನನ್ನದಲ್ಲ ಎನ್ನುವಷ್ಟು.

ಪಕ್ಕದ ಮನೆಯ ಗುಲ್‌ಮೊಹರ್ ಕೆಂಪಗೆ ಹೂ ಬಿಟ್ಟಿದೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಫೋಟೋ ತೆಗೆಯುತ್ತಾರೆ. ಹೂವೆಲ್ಲ ಉದುರುವುದು ನಮ್ಮ ಕೊಳಕ್ಕೆ. ಒಂದು ತುದಿಯಿಂದ ಬಾಚಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತುದಿ ಮತ್ತೆ ಕೆಂಪು.

ತಾತ ಹಿಂದಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿರುತ್ತಾನೆ. ಅಮ್ಮನ ಅಪ್ಪ. ಕೆಲಸ ಮಾಡುವವರನ್ನು ನೋಡುವುದೇ ಅವನ ಕೆಲಸ.

"ಎಡಗಡೆ ಬಿಟ್ಟೆ ನೋಡು ಮರಿ."

"ಕಂಡಿದೆ ತಾತ."

"ಇನ್ನೂ ಸ್ವಲ್ಪ ಎಡ."

ಡಿಸೆಂಬರ್ 9

ಪಂಪ್ ಮತ್ತೆ ಆಫ್. ರಾತ್ರಿ ಆನ್ ಮಾಡಿ ಮಲಗುತ್ತೇನೆ, ಎದ್ದು ನೋಡಿದರೆ ಆಫ್. ಮೂರು ದಿನದಿಂದ ಇದೇ. ಟೈಮರ್ ಕೆಟ್ಟಿದೆ ಎಂದು ಬಿಚ್ಚಿ ನೋಡಿದೆ. ಕೆಟ್ಟಿಲ್ಲ. ಬಿಚ್ಚಿದ ಮೇಲೆ ಕೆಟ್ಟಿತು.

ಡಿಸೆಂಬರ್ 11, ಬೆಳಿಗ್ಗೆ 6:40

ಸಿಕ್ಕಿತು. ಟೈಮರ್ ಅಲ್ಲ, ಅಮ್ಮ.

ವೃದ್ಧಾಶ್ರಮದ ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ, ಕಾರು ನಿಲ್ಲಿಸುತ್ತಾಳೆ, ಪಂಪ್ ಆರಿಸುತ್ತಾಳೆ, ಮಲಗುತ್ತಾಳೆ. ಪಂಪ್ ಇರುವುದು ಅವಳು ಮಲಗುವ ಕೋಣೆಯ ಗೋಡೆಯ ಹಿಂದೆ. ಪೊದೆಯ ಹಿಂದೆ ಕಾದು ಕೂತು ಹಿಡಿದೆ.

"ಅಮ್ಮ. ಏನ್ ಮಾಡ್ತಿದೀಯ?"

"ನಿದ್ದೆ ಮಾಡೋಕೆ ಹೋಗ್ತಿದೀನಿ."

"ಪಂಪ್ ನಿಲ್ಲಿಸಬಾರದು. ನಿಲ್ಲಿಸಿದ್ರೆ ಪಾಚಿ ಹೋಗಲ್ಲ. ಪಂದ್ಯ ಕಟ್ಟಿದವಳೂ ನೀನೇ, ನಿಲ್ಲಿಸೋಳೂ ನೀನೇ."

"ರಾತ್ರಿಯಿಡೀ ಹನ್ನೆರಡು ಜನ ಮುದುಕರನ್ನ ಎತ್ತಿ ಇಳಿಸಿ ಬಂದಿದೀನಿ. ತಲೆ ಹತ್ರ ಗುರ್ರ್ ಅಂತಿದ್ರೆ ಹೇಗೆ ಮಲಗ್ಲಿ? ಇದು ಹೀಗೆ ಓಡ್ಲೇಬೇಕು ಅಂತ ನನಗೆ ಯಾರು ಹೇಳಿದ್ರು?"

ನಾನೇ ಹೇಳಿರಲಿಲ್ಲ. ಹೌದು.

ಆಮೇಲೆ ಅವಳೇ ಸ್ವಿಚ್ ಒತ್ತಿದಳು. ದಿಂಬು ತೆಗೆದುಕೊಂಡು ಮುಂದಿನ ಕೋಣೆಯ ಸೋಫಾಕ್ಕೆ ಹೋದಳು. ಸೋಫಾ ಅವಳಿಗಿಂತ ಗಿಡ್ಡ. ಕಾಲು ಹೊರಗೆ.

ಡಿಸೆಂಬರ್ 13

ಹಸಿರು ಹೋಯಿತು. ನಿಜವಾಗಿ. ಈಗ ಬೂದುಬಿಳಿ, ಅಕ್ಕಿ ತೊಳೆದ ನೀರಿನ ಹಾಗೆ. ಮೂರನೇ ಮೆಟ್ಟಿಲು ಕಾಣುತ್ತದೆ.

ಡಿಸೆಂಬರ್ 15

ನಿನ್ನೆ ಮಧ್ಯಾಹ್ನ ತಾತ ಹುಲ್ಲಿಗೆ ಗೊಬ್ಬರ ಎರಚಿದ್ದಾನೆ. ಕೊಳದ ಸುತ್ತ, ಕೈತುಂಬ, ಕೋಳಿಗೆ ಕಾಳು ಹಾಕಿದ ಹಾಗೆ. ಸಂಜೆ ಗುಡುಗುಮಳೆ. ಗೊಬ್ಬರವೆಲ್ಲ ತೊಳೆದುಕೊಂಡು ನೀರಿಗೆ. ಬೆಳಿಗ್ಗೆ ನೋಡಿದರೆ ಮತ್ತೆ ಹಸಿರು.

"ಹುಲ್ಲು ಬಾಡಿತ್ತು ಮರಿ. ಕ್ರಿಸ್‌ಮಸ್ಸಿಗೆ ಜನ ಬರ್ತಾರೆ."

"ಈಗ ಕೊಳ ಹುಲುಸಾಗಿದೆ ತಾತ. ಪಾಚಿಗೂ ಗೊಬ್ಬರ ಬೇಕಿತ್ತು."

"ಬಣ್ಣ ಮಾತ್ರ ಚೆನ್ನಾಗಿ ಬಂದಿದೆ" ಅಂದ. ನೀರನ್ನು ನೋಡುತ್ತ.

ಬಲೆ ಎಸೆದು ಒಳಗೆ ಬಂದೆ. ಬಿಟ್ಟುಬಿಡಬಹುದು. ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ಅದನ್ನೇ ಕಾಯುತ್ತಿದ್ದಾರೆ. ಅದೇ ತೊಂದರೆ.

ಡಿಸೆಂಬರ್ 20

ಬರೆಯುವಂಥದ್ದು ಇರಲಿಲ್ಲ. ಇತ್ತು, ಬರೆದರೆ ಬರೀ ಬೈಗುಳ ಆಗುತ್ತಿತ್ತು. ಕ್ಲೋರಿನ್, ಬ್ರಷ್, ಬಲೆ, ಫಿಲ್ಟರ್ ತೊಳೆ. ಮತ್ತೆ ಅದೇ. ಈಗ ಮತ್ತೆ ಅಕ್ಕಿ ತೊಳೆದ ನೀರು. ಸತ್ತ ಪಾಚಿ ಎಷ್ಟು ನುಣ್ಣಗಿದೆ ಎಂದರೆ ಫಿಲ್ಟರಿನ ಮರಳಿಗೆ ಸಿಕ್ಕುವುದೇ ಇಲ್ಲ, ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುತ್ತದೆ.

ತಾತ ತಪ್ಪು ತಿದ್ದಿಕೊಳ್ಳುವ ಉಪಾಯ ತಂದ. "ಇನ್ನೊಂದು ನಾಣ್ಯ ತಗೊಂಡು ಮೂರನೇ ಮೆಟ್ಟಿಲ ಮೇಲಿಡು. ನಿಮ್ಮಮ್ಮ ಎಲ್ಲಿ ಎಸೆದ್ಲು ಅಂತ ಅವಳಿಗೇ ನೆನಪಿರಲ್ಲ."

"ನನಗೆ ನೆನಪಿರುತ್ತೆ."

"ಥೂ. ನೀನು ಯಾರ ಹಾಗೆ ಹುಟ್ಟಿದೀಯೋ."

ಕೊನೆಗೆ ಒಳ್ಳೆಯ ಮಾತೂ ಹೇಳಿದ. ಅವನ ಕಾಲದಲ್ಲಿ ಟ್ಯಾಂಕಿನ ಕದಡಿದ ನೀರಿಗೆ ಪಟಿಕ ಹಾಕುತ್ತಿದ್ದರಂತೆ. ಕಸವೆಲ್ಲ ಒಂದಕ್ಕೊಂದು ಅಂಟಿ ತಳಕ್ಕೆ ಕೂರುತ್ತದೆ. ಪೂಲ್ ಅಂಗಡಿಯಲ್ಲೂ ಸಿಗುತ್ತದೆ. ಹಾಕಿದ ಮೇಲೆ ರಾತ್ರಿಯಿಡೀ ನೀರು ಅಲುಗಬಾರದು, ಪಂಪ್ ಆಫ್ ಇರಬೇಕು. ಬೆಳಿಗ್ಗೆ ತಳದ ಕೆಸರನ್ನು ಕೊಳವೆಯಿಂದ ಹೀರಿ ಹೊರಗೆ ಬಿಡಬೇಕು.

ಡಿಸೆಂಬರ್ 22, ಬೆಳಿಗ್ಗೆ

ನಿನ್ನೆ ಸಂಜೆ ಪಟಿಕ ಹಾಕಿ ಪಂಪ್ ಆರಿಸಿದ್ದೆ. ಇವತ್ತು ಆರು ಗಂಟೆಗೆ ನೀರು ಗಾಜಿನ ಹಾಗಿತ್ತು. ಕಣ್ಣಾರೆ ನೋಡಿದ್ದೇನೆ. ತಳದಲ್ಲಿ ಕಂದು ಕೆಸರು, ಕಂಬಳಿ ಹಾಸಿದ ಹಾಗೆ. ಕೊಳವೆ ತರಲು ಶೆಡ್ಡಿಗೆ ಹೋದೆ. ಶೆಡ್ಡಿನಲ್ಲಿದ್ದಾಗಲೇ ಪಂಪ್ ಗುರ್ರ್ ಎಂದಿತು.

ಓಡಿ ಬಂದೆ. ಕಂಬಳಿ ಎದ್ದು ನೀರಿನ ತುಂಬ ಹೊಗೆಯಾಗಿತ್ತು. ಅಮ್ಮ ಸ್ವಿಚ್ಚಿನ ಪಕ್ಕ ನಿಂತಿದ್ದಳು, ಕೈಯಲ್ಲಿ ಬ್ಯಾಗು, ಮುಖದಲ್ಲಿ ನಗು.

"ಆಫ್ ಆಗಿತ್ತು ಕಣೇ. ನೀನು ಮರೆತಿದ್ದೆ ಅಂತ ನಾನೇ ಹಾಕ್ದೆ."

ನಾನು ಹೋಗಿ ಪಂಪ್ ಆರಿಸಿದೆ.

"ಏನಾಯ್ತು? ಓಡ್ಲೇಬೇಕು ಅಂದಿದ್ದೆ ತಾನೇ?"

"ಇವತ್ತೊಂದು ದಿನ ಓಡಬಾರದಿತ್ತು."

"ಅದನ್ನ ನನಗೆ ಯಾರು ಹೇಳಿದ್ರು?"

ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ಶೂ ಬಿಚ್ಚಿ ಪಾದ ಒತ್ತಿಕೊಂಡಳು.

"ಇನ್ನೂ ಮೂರು ದಿನ ಇದೆ" ಎಂದಳು. ಸಮಾಧಾನಕ್ಕೋ ಎಚ್ಚರಿಕೆಗೋ.

ಡಿಸೆಂಬರ್ 24, ಸಂಜೆ

ಅಂಗಡಿಯಲ್ಲಿ ಪಟಿಕ ಮುಗಿದಿತ್ತು. ಇವತ್ತು ಮಧ್ಯಾಹ್ನ ಬಂತು. ಹಾಕಿದ್ದೇನೆ. ಸ್ವಿಚ್ಚಿಗೆ ಅಂಟುಪಟ್ಟಿ ಸುತ್ತಿದ್ದೇನೆ. ಮೇಲೆ ಕಾಗದ: "ಅಮ್ಮ, ಮುಟ್ಟಬೇಡ. ಇವತ್ತು ಆಫ್." ಪಾಳಿಗೆ ಹೊರಡುವ ಮೊದಲು ಅವಳಿಂದ ಎರಡು ಸಲ ಹೇಳಿಸಿದೆ. ತಾತನ ಗೊಬ್ಬರದ ಚೀಲ ನನ್ನ ಮಂಚದ ಕೆಳಗಿದೆ. ನಾರುತ್ತಿದೆ.

ಡಿಸೆಂಬರ್ 25, ಸಂಜೆ

ಎಲ್ಲ ಬರೆಯಬೇಕು, ಆದ ಹಾಗೆಯೇ.

ಬೆಳಿಗ್ಗೆ ನೀರು ಗಾಜು. ತಳದಲ್ಲಿ ಕಂಬಳಿ. ನಾಣ್ಯ ಅದರ ಕೆಳಗೆಲ್ಲೋ. ಹನ್ನೊಂದಕ್ಕೆ ರಸ್ಸೆಲ್ ಮಾವ ಮಕ್ಕಳಿಬ್ಬರನ್ನು ಕರೆದುಕೊಂಡು ಬಂದ. ಮಕ್ಕಳು ಈಜುಡುಗೆಯಲ್ಲೇ ಕಾರಿನಿಂದ ಇಳಿದವು. ಬೇಲಿಯ ಗೇಟಿಗೆ ಬೆನ್ನು ಕೊಟ್ಟು ನಿಂತೆ.

"ಕಾಲಿಟ್ರೆ ಕಾಲು ಮುರೀತೀನಿ."

"ನೀರು ಚೆನ್ನಾಗೇ ಇದೆಯಲ್ಲೇ" ಎಂದ ಮಾವ. "ಅಕ್ಕಾ, ಕನ್ನಡಿ ಇದ್ದ ಹಾಗಿದೆ. ಇವಳನ್ನ ಇನ್ನೂ ಯಾಕೆ ಗೋಳಾಡಿಸ್ತೀಯ?"

ಅಮ್ಮ ನನ್ನನ್ನು ನೋಡಿದಳು. "ನಾಣ್ಯ ಕಾಣ್ತಾ?"

ಕಾಣುತ್ತೆ ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರಿಗೂ ಹಸಿವು.

"ಇಲ್ಲ. ಕೆಸರಿನ ಕೆಳಗಿದೆ. ಇನ್ನೂ ಹೀರಬೇಕು."

ಮಾವ ಹಣೆ ಹಿಡಿದುಕೊಂಡ. "ದೋಣಿಯಲ್ಲೂ ಹೀಗೇ ಆಡಿದ್ರೆ ನಾನು ಉಪವಾಸ."

ಎಲ್ಲರೂ ಹಂದಿಮಾಂಸ ಕತ್ತರಿಸುತ್ತಿದ್ದಾಗ ನಾನು ಉದ್ದ ಕೋಲು ಹಿಡಿದು ದಡದಲ್ಲಿ. ಕೊಳವೆಯ ಬಾಯಿಯನ್ನು ಆಮೆಯಂತೆ ನಡೆಸಬೇಕು, ಅವಸರಪಟ್ಟರೆ ಮತ್ತೆ ಹೊಗೆ. ಕೆಸರು ನೀರೆಲ್ಲ ತಾತನ ಹುಲ್ಲಿನ ಮೇಲೆ ಹರಿಯಿತು. ಅವನಿಗೆ ಖುಷಿ. ಆಳದ ತುದಿಗೆ ಬಂದಾಗ ಬೆನ್ನು ಸುಟ್ಟಿತ್ತು. ಕೆಸರು ಸರಿದು ಏನೋ ಹೊಳೆಯಿತು. ಹೊಳೆದದ್ದೇ ಕೊಳವೆಯೊಳಗೆ ಟಣ್ ಎಂದು ಹೋಯಿತು.

ನಾಣ್ಯವನ್ನೇ ಹೀರಿಬಿಟ್ಟಿದ್ದೆ.

ಈಗ ತಳದಲ್ಲಿ ಒಂದು ಎಲೆಯೂ ಇಲ್ಲ, ನಾಣ್ಯವೂ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ಊಟಕ್ಕಿಟ್ಟಿದೀನಿ. ಕಾಣ್ತಾ?"

"ಇಲ್ಲ."

ತಾತ ಕುರ್ಚಿಯಲ್ಲೇ ಕಣ್ಣು ಮುಚ್ಚಿಕೊಂಡ.

ಕೊಳವೆಯ ಕೊನೆಗೆ ಕಸ ಹಿಡಿಯಲು ಇಟ್ಟಿದ್ದ ಬುಟ್ಟಿಯಲ್ಲಿ ಕೈಹಾಕಿ ತಡಕಿದೆ. ಕೊಳೆತ ಹೂವು, ಕಪ್ಪೆಯ ಕಾಲು, ನಾಣ್ಯ. ಕಪ್ಪಾಗಿತ್ತು. ತೆಗೆದುಕೊಂಡು ಹೋಗಿ ಅಮ್ಮನ ಕೈಗಿಟ್ಟೆ. ಆದದ್ದು ಹೇಳಿದೆ. ಅವಳು ಅದನ್ನು ಏಪ್ರನ್ನಿಗೆ ಉಜ್ಜಿದಳು. ಬಹಳ ಹೊತ್ತು ಉಜ್ಜಿದಳು. ಆಮೇಲೆ ದಡಕ್ಕೆ ಬಂದು, ಮೊದಲ ದಿನ ಎಸೆದ ಕಡೆಗೇ ಎಸೆದಳು.

ತಿರುಗುತ್ತ ಇಳಿಯಿತು. ತಳ ಮುಟ್ಟುವವರೆಗೂ ಕಂಡಿತು.

"ಯಾವ ಮುಖ ಮೇಲಿದೆ? ಪ್ಲಾಟಿಪಸ್ಸಾ, ರಾಣಿನಾ?" ಅವಳ ಕನ್ನಡಕ ಒಳಗೆ ಟೇಬಲ್ ಮೇಲಿತ್ತು.

"ಪ್ಲಾಟಿಪಸ್."

ಮಾವನ ಚಿಕ್ಕ ಮಗಳು ಗೇಟು ಹಾರಿ ನೀರಿಗೆ ಬಿದ್ದಳು. ತಳಕ್ಕೆ ಹೋಗಿ, ನೋಡಿ, ಮೇಲೆ ಬಂದು ಮೂಗು ಒರೆಸಿಕೊಂಡಳು. "ಪ್ಲಾಟಿಪಸ್ಸೇ ಅತ್ತೆ."

"ನಾನೇನು ನಿನ್ನ ಕೇಳಿದ್ನಾ?" ಎಂದಳು ಅಮ್ಮ. ನನ್ನ ಕಡೆ ತಿರುಗಲಿಲ್ಲ. "ಬಾ. ಸಿಗಡಿ ಬಿಡಿಸು. ಇನ್ಮೇಲೆ ಅದೇ ತಾನೇ ನಿನ್ನ ಪಾಡು."

ಜನವರಿ 4, ಮಧ್ಯಾಹ್ನ 3:00

ನಾಳೆ ಬೆಳಿಗ್ಗೆ ಮಾವ ಬರುತ್ತಾನೆ. ಚೀಲ ತುಂಬಿಯಾಯಿತು. ಅಮ್ಮ ಮೂರು ಸಲ ಬಿಚ್ಚಿ ಮಡಚಿದಳು.

ಅವಳಿಗೆ ಕೊಳದ ಕೆಲಸ ಕಲಿಸಿದ್ದೇನೆ. ಕ್ಲೋರಿನ್ ಎಷ್ಟು, ಫಿಲ್ಟರ್ ಯಾವಾಗ ತೊಳೆಯುವುದು. ಪಂಪ್ ಹಗಲು ಓಡಲಿ, ಪಾಳಿ ಮುಗಿಸಿ ಅವಳು ಮಲಗುವ ಹೊತ್ತು ಬಿಟ್ಟು. ತಿಂಗಳು ಕಳೆದು ಬಂದಾಗ ಮತ್ತೆ ಹಸಿರಾಗಿದ್ದರೆ ನಾನು ಮುಟ್ಟುವುದಿಲ್ಲ ಎಂದೆ. "ಮುಟ್ಟದೆ ಇರ್ತೀಯಾ?" ಎಂದು ಕೇಳಿದಳು. ನಾನು ಬಲೆ ಎತ್ತಿಕೊಂಡು ಹೂ ಬಾಚತೊಡಗಿದೆ.

ಇವತ್ತು ಅವಳಿಗೆ ರಜೆ. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾಳೆ. ಈಗ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಳೆ, ಕಿಟಕಿಯಿಂದ ಕಾಣುತ್ತದೆ. ಇಲ್ಲ, ಹರವುತ್ತಿಲ್ಲ. ಬುಟ್ಟಿ ನೆಲದ ಮೇಲಿದೆ. ಗೋಡೆಯ ಪಕ್ಕ ನಿಂತಿದ್ದಾಳೆ, ಕೈ ಸ್ವಿಚ್ಚಿನ ಮೇಲೆ.

ಪಂಪ್ ನಿಂತಿತು.

ನಿದ್ದೆಯ ಹೊತ್ತಲ್ಲ. ಪಟಿಕ ಹಾಕಿಲ್ಲ. ಹಾಗಾದರೆ ಯಾಕೆ? ನಾನು ಬರುವ ಹೊತ್ತಿಗೆ ಕೊಳ ಮತ್ತೆ ಹಸಿರಾಗಿ, ನಾನು ಮುಟ್ಟಲೇಬೇಕು ಅಂತಲಾ?