ನೆಟ್ಟಗೆ ನಿಂತ ಸಸಿ

ಸೋಮವಾರ, ಫೆಬ್ರವರಿ ೯

ಗಿಡ ಬೆಳಕಿನ ಕಡೆ ಬಾಗುತ್ತೆ ಅಂತ ತೋರಿಸೋದೇ ನನ್ನ ಪ್ರಾಜೆಕ್ಟು. ಕಿಟಕಿಯಲ್ಲಿಟ್ಟ ಬೀನ್ಸ್ ಸಸಿಗೆ ಮಾತ್ರ ಬಾಗೋ ಲಕ್ಷಣವೇ ಇಲ್ಲ, ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ ನಿಂತಿದೆ. ನೋಟ್‌ಬುಕ್ಕಿನಲ್ಲಿ ದಿನಾ "ಬಾಗಿಲ್ಲ" ಅಂತ ಬರೆದೂ ಬರೆದೂ ಸಾಕಾಗಿತ್ತು. ಶನಿವಾರ ವಿಜ್ಞಾನ ಮೇಳ. ಯಾವ ಮುಖ ಇಟ್ಕೊಂಡು ಹೋಗಲಿ?

ಇವತ್ತು ಬೇಗ ಎದ್ದೆ. ನೋಡಿದರೆ ಅಜ್ಜಿ ಕಿಟಕಿ ಹತ್ತಿರ ನಿಂತು ಕುಂಡವನ್ನು ಮೆಲ್ಲಗೆ ತಿರುಗಿಸ್ತಿದ್ದಾಳೆ!

"ಅಜ್ಜೀ, ಏನ್ ಮಾಡ್ತಿದ್ದೀಯ?"

"ಒಂದೇ ಕಡೆ ಬಿಸಿಲು ಬಿದ್ರೆ ಸೊಟ್ಟ ಆಗುತ್ತಲ್ಲೇ! ದಿನಾ ನಾನೇ ತಿರುಗಿಸ್ತೀನಿ. ಮೇಳದಲ್ಲಿ ನಿನ್ನ ಗಿಡ ಚೆನ್ನಾಗಿ ಕಾಣಬೇಡ್ವಾ?"

ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಸ್ಕೂಲಲ್ಲಿ ಹೇಳಿದರೆ ವಿಜ್ಞಾನದ ಮಿಸ್ ಮಾತ್ರ ಹೊಟ್ಟೆ ಹಿಡ್ಕೊಂಡು ನಕ್ಕರು. "ಇದನ್ನೂ ಬರಿ. ಇನ್ನೊಂದು ಸಸೀನ ತಿರುಗಿಸದೆ ಇಡು, ಎರಡನ್ನೂ ತಗೊಂಡು ಬಾ" ಅಂದರು.

ಹಿತ್ತಲಿನಿಂದ ಇನ್ನೊಂದು ಸಸಿ ತಂದಿಟ್ಟೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಈ ಕಡೆ "ಅಜ್ಜಿ ತಿರುಗಿಸಿದ್ದು", ಆ ಕಡೆ "ಅಜ್ಜಿ ಮುಟ್ಟದ್ದು". ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ಹೊಸ ಕುಂಡ ಮುಟ್ಟಲ್ಲ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಆಣೆನೂ ಮಾಡಿದಳು. ಆದರೆ ಮಲಗೋ ಮುಂಚೆ ಅದನ್ನೇ ನೋಡ್ತಾ, "ಪಾಪ, ಇದೇನು ತಪ್ಪು ಮಾಡಿತ್ತೇ?" ಅಂದಳು.

ಎಷ್ಟು ದಿನದ ಮೇಲೆ ಹಾಯಾಗಿ ನಿದ್ದೆ ಬರ್ತಿದೆ. ಕಿಟಕಿ ಹತ್ತಿರ ಏನೋ ಸದ್ದು. ಅಯ್ಯೋ, ಅಜ್ಜೀ...!