ಸ್ಕಿಪ್ ಬಟನ್ ಇಡುವುದಿಲ್ಲ

ಮನೆಯಿಂದ, ಅಡುಗೆಮನೆಯ ಮೇಜು
೧೪ನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಗುಳ್ಳೆಗಳು ಆರಿದವೇ? ಅಮ್ಮ ಕೊಟ್ಟ ಪೌಡರ್ ಹಚ್ಚಿಕೋ, ಡಬ್ಬಿ ತೆರೆಯದೆ ವಾಪಸ್ ತರಬೇಡ. ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಹಲ್ಲುನೋವು, ಆದರೂ ಬೈಗುಳಕ್ಕೇನೂ ಕೊರತೆಯಿಲ್ಲ. ಅಪ್ಪ ಈಗ ಎಡಗೈಯಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ರೇಗುತ್ತದೆ, ಅದಕ್ಕೇ ಈ ಕಾಗದ.

ನಾನು ಮಾಡಿದ ಕಂಪ್ಯೂಟರ್ ಗೇಮ್ ಆಡಿ ನೀನು ಬರೆದದ್ದನ್ನು ಓದಿದೆ. ಅಂಕ ಇಲ್ಲ, ಗೆಲುವು ಇಲ್ಲ, ಕಾದು ಕಾದು ತಲೆ ಕೆಡುತ್ತದೆ, ಕಾಯುವುದನ್ನು ಹಾರಿಸಿ ಮುಂದೆ ಹೋಗಲು ಒಂದು ಸ್ಕಿಪ್ ಬಟನ್ ಇಡು ಅಂದಿದ್ದೀಯ. ಪುಟ್ಟ ಗೇಮ್‌ಗಳ ಪ್ರದರ್ಶನದವರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಾರೆ: ವೇಗ ಹೆಚ್ಚಿಸಿದರೆ ಜಾಗ ಕೊಡುತ್ತೇವೆ, ಇಲ್ಲದಿದ್ದರೆ ಕಷ್ಟ. ಎರಡು ವರ್ಷದಿಂದ ನಾನು ಆ ಜಾಗಕ್ಕೆ ಆಸೆಪಟ್ಟಿದ್ದೇನೆ ಅಂತ ನಿನಗೆ ಗೊತ್ತು. ಆದರೂ ಇಡುವುದಿಲ್ಲ. ಆ ಗೇಮಿನಲ್ಲಿ ಇರುವುದೇ ಒಂದು ಮೇಜು, ಒಂದು ಮಗು, ಸ್ಟ್ರೋಕ್ ಆದಮೇಲೆ ತಡವರಿಸಿ ಮಾತಾಡುವ ಒಬ್ಬ ಅಪ್ಪ. ಈಗಿರುವ ಒಂದೇ ಬಟನ್ ಒತ್ತಿದರೆ ಮಗು ತಾನೇ ಊಹಿಸಿ ನೀರೋ ಕನ್ನಡಕವೋ ಹೊದಿಕೆಯೋ ತಂದಿಡುತ್ತದೆ, ಅಪ್ಪ ಸುಮ್ಮನಾಗುತ್ತಾರೆ. ಒತ್ತದೆ ಕಾದರೆ ಮಾತ್ರ ಅವರ ಮಾತು ಮುಗಿಯುತ್ತದೆ. ಇದರಿಂದ ಕಾಯುವುದನ್ನೇ ಕಿತ್ತುಹಾಕಿದರೆ ಉಳಿಯುವುದು ಬರೀ ಮೇಜು, ಅದಕ್ಕೆ ಬಡಗಿ ಸಾಕು, ನಾನು ಯಾಕೆ?

ನಮ್ಮ ಶನಿವಾರದ ಗುಂಪಿನ ಬಗ್ಗೆ ನಿನಗೆ ಹೇಳಿದ್ದೆನಲ್ಲ, ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ಒಬ್ಬರ ಗೇಮನ್ನು ಇನ್ನೊಬ್ಬರು ಆಡುತ್ತೇವೆ ಅಂತ. ಅಲ್ಲಿ ಗೇಮ್ ಮಾಡಿದವರು ಹಿಂದಿನ ಸ್ಟೂಲಿನಲ್ಲಿ ತುಟಿ ಹೊಲಿದುಕೊಂಡು ಕೂರಬೇಕು. ಅಪ್ಪಿತಪ್ಪಿ ವಿವರಿಸಲು ಹೋದರೆ ಎಲ್ಲರ ಚಹಾ ಲೋಟ ತೊಳೆಯಬೇಕು. ಆಡಿದವರು ಮೊದಲು ಏನು ಕಂಡಿತು, ಏನನ್ನಿಸಿತು ಅಂತ ಹೇಳಬೇಕು, ರಿಪೇರಿಯ ಮಾತು ಆಮೇಲೆ. ಅವರು ಹೇಳಿ ಮುಗಿಸುವ ತನಕ ಬೇರೆ ಯಾರೂ ಉಸಿರೆತ್ತುವಂತಿಲ್ಲ. ನೀನು ನೇರವಾಗಿ ಸ್ಪ್ಯಾನರ್ ಹಿಡಿದುಕೊಂಡೇ ಬಂದೆ, ಎಂಜಿನ್ ಮೆಕ್ಯಾನಿಕ್ ಅಲ್ಲವೇ, ಹೋಗಲಿ.

ನಿನ್ನೆ ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಹಾಗಾಗಿ ಅಪ್ಪನನ್ನೂ ಗುಂಪಿಗೆ ಕರೆದೊಯ್ದೆ. ಮೆಟ್ಟಿಲು ಹತ್ತಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು. ನಾವು ಗೊಣಗಣ್ಣ ಅಂತ ಕರೆಯುವ ಪ್ರಿಂಟಿಂಗ್ ಪ್ರೆಸ್ಸಿನವರು ಮೊದಲು ಆಡಿದರು. ಅವರು ಬಟನ್ ಕುಟ್ಟುವುದನ್ನು ನೋಡಲಾರದೆ ನಾನು, ಸ್ವಲ್ಪ ಕಾಯಿರಿ ಅಂದುಬಿಟ್ಟೆ. ಲೋಟ ತೊಳೆಯುವ ಶಿಕ್ಷೆ ಬಿತ್ತು. ತೊಳೆದು ಬರುವಷ್ಟರಲ್ಲಿ ಕಂಪ್ಯೂಟರ್ ಮುಂದೆ ಅಪ್ಪ ಕೂತಿದ್ದರು! ಇದು ತಮ್ಮದೇ ಕಥೆ ಅಂತ ಅವರಿಗೆ ನಾನು ಹೇಳಿರಲಿಲ್ಲ.

ಅಪ್ಪ ಏನು ಮಾಡಿದರು ಗೊತ್ತಾ? ಒತ್ತಿದರು. ನೀರು ಬಂತು. ಮತ್ತೆ ಒತ್ತಿದರು, ಕನ್ನಡಕ ಬಂತು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವಾಗ ಇದ್ದ ಅದೇ ಅವಸರ, ಯಾರಿಗೂ ಯೋಚಿಸಲು ಬಿಡದ ಅವಸರ. ಪರದೆಯ ಮೇಲಿನ ಮೇಜು ತುಂಬಿತು, ಆ ಅಪ್ಪ ಬಾಯಿ ಮುಚ್ಚಿ ಕೂತರು. ನಮ್ಮ ಅಪ್ಪ ಅದನ್ನೇ ನೋಡುತ್ತಾ ಇದ್ದು, ಇದ್ದಕ್ಕಿದ್ದಂತೆ ಭುಜ ಕುಲುಕಿಸಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಾದರು, ಕೊನೆಯ ತನಕ.

ಮುಗಿದ ಮೇಲೆ ಅಭಿಪ್ರಾಯ ಹೇಳುವ ಸರದಿ. ಅಪ್ಪ ಬಾಯಿ ತೆರೆದರು. ನಿಯಮ ನಿಯಮವೇ, ಕೋಣೆಯಲ್ಲಿ ಒಬ್ಬರೂ ಅವರ ಬಾಯಿಗೆ ಮಾತು ಹಾಕಲಿಲ್ಲ. ಗೊಣಗಣ್ಣನೂ ಗೊಣಗಲಿಲ್ಲ. ಕೆಳಗಿನ ಹೊಲಿಗೆ ಯಂತ್ರ ಒಂದು ಅಂಗಿಯ ತೋಳನ್ನೇ ಮುಗಿಸಿರಬೇಕು. "ಇವನು... ನನಗಿಂತ... ಬೇಗ... ಮಾತಾಡ್ತಾನೆ," ಅಂದರು ಅಪ್ಪ, ಪರದೆಯ ಮೇಲಿನ ಅಪ್ಪನತ್ತ ಬೆರಳು ತೋರಿಸಿ. ಅಣ್ಣಾ, ಸ್ಟ್ರೋಕ್ ಆದಮೇಲೆ ಅವರ ಇಡೀ ಮಾತು ನಾನು ಕೇಳಿದ್ದು ಅದೇ ಮೊದಲು; ಮನೆಯಲ್ಲಿ ನಾವು ಅರ್ಧಕ್ಕೇ ಊಹಿಸಿಬಿಡುತ್ತೇವಲ್ಲ. ನನಗೆ ಅಳು ಬಂತು, ಜೊತೆಗೆ ಹೆಮ್ಮೆಯೂ.

ಮನೆಗೆ ಬಂದವಳೇ ಗೇಮನ್ನು ಇನ್ನೂ ನಿಧಾನ ಮಾಡಿ ಪ್ರದರ್ಶನದವರಿಗೆ ಕಳಿಸಿದ್ದೇನೆ. ಜಾಗ ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ನನ್ನ ಗೇಮಿಗೆ ಸಿಗಬೇಕಾದ ಅಭಿಪ್ರಾಯ ಸಿಕ್ಕಾಯಿತು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಆ ಪೌಡರನ್ನು ಇನ್ನೊಮ್ಮೆ ನೆನಪಿಸಿದ್ದಾಳೆ. ಮೈ ಕಡೆ ಗಮನವಿರಲಿ.

ನಿನ್ನ ಹಟಮಾರಿ ತಂಗಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಕತ್ತಲಾಗುವ ಮೊದಲು ಇದನ್ನು ಅಂಚೆ ಡಬ್ಬಿಗೆ ಹಾಕಿ ಬರಬೇಕು. ಮುಂದಿನ ಸಲ ಫೋನ್ ಮಾಡಿದಾಗ, "ಸರಿ ಅಪ್ಪಾ, ಅರ್ಥ ಆಯ್ತು, ಅಮ್ಮನಿಗೆ ಕೊಡಿ," ಅನ್ನಬೇಡ. ನಿನ್ನೆಯಿಂದ ಅಪ್ಪ ಕನ್ನಡಿಯ ಮುಂದೆ ನಿಂತು ನಿನಗೆ ಹೇಳಬೇಕಾದ ಒಂದು ಮಾತನ್ನು ಅಭ್ಯಾಸ ಮಾಡುತ್ತಿದ್ದಾರೆ. ಏನಂತ ನನಗೆ ಗೊತ್ತು. ನಾನು ಹೇಳುವುದಿಲ್ಲ, ಕಾದು ಕೇಳು.