ಇಬ್ಬನಿ ಗುಡಿಸುವ ಮುಂಚೆ

ಇನ್ವರ್‌ಲೇನ್, ಶನಿವಾರ

ಅಪ್ಪಾ,

ಈ ಊರಿಗೆ ಬಂದು ಮೂರು ವಾರವಾದರೂ ನನ್ನ ಕಿವಿ ಇಲ್ಲಿಯ ಗಾಳಿಗೆ ಒಗ್ಗಿಲ್ಲ. ಇವತ್ತು ಗಾಲ್ಫ್ ಮೈದಾನದಲ್ಲಿ ಒಂದು ವಿಚಿತ್ರ ಕಂಡೆ. ನಮ್ಮ ಮನೆಯೊಡತಿ, ಎಪ್ಪತ್ತೆಂಟರ ಎಫಿ ಅಜ್ಜಿ, ಮಾಲಿ ಬಂದು ಬಿದಿರುಗೋಲಿನಿಂದ ಹುಲ್ಲಿನ ಇಬ್ಬನಿ ಗುಡಿಸುವ ಮುಂಚೆಯೇ ಹೋಗಿ ಗುಳಿಯತ್ತ ಚೆಂಡು ಉರುಳಿಸುತ್ತಾರೆ. ಚೆಂಡು ಹೋದ ದಾರಿಯುದ್ದಕ್ಕೂ ಇಬ್ಬನಿಯಲ್ಲಿ ಕಪ್ಪು ಗೆರೆ ಮೂಡುತ್ತದೆ.

ನನಗೂ ಒಂದು ಗಾಲ್ಫ್ ಕೋಲು ಕೊಟ್ಟರು. ನೀವು ಬೇಸಿಗೆಯಲ್ಲಿ ಕಲಿಸಿದಂತೆ ಮೆಲ್ಲಗೆ ಹೊಡೆದೆ. ಮೂರು ಸಲವೂ ಚೆಂಡು ಗುಳಿ ಮುಟ್ಟಲಿಲ್ಲ.

“ನಮ್ಮಪ್ಪನ ಥರ ನನ್ ಕೈಯೂ ನಡುಗ್ತಿದೆ,” ಅಂದೆ.

“ಪಾಪ, ಕೈ ಮೇಲೆ ಯಾಕೇ ಗೂಬೆ ಕೂರಿಸ್ತೀಯ? ಗೆರೆ ನೋಡು, ದಾರ ಎಳೆದ ಹಾಗಿದೆ. ಒದ್ದೆ ಹುಲ್ಲಿಗೆ ಬೇಸಿಗೆ ಏಟು ಸಾಲತ್ತಾ? ಗುಳಿಯೇನು ನಿನ್ನ ಚೆಂಡಿನ ಹತ್ರ ನಡ್ಕೊಂಡು ಬರತ್ತಾ?” ಅಂದರು ಅಜ್ಜಿ.

ಹೋದ ನವೆಂಬರಿನಲ್ಲಿ ನಿಮ್ಮ ಚೆಂಡುಗಳೂ ಹೀಗೆಯೇ ಗುಳಿಯ ಮುಂದೆ ನಿಂತುಬಿಡುತ್ತಿದ್ದವು. ಕೈ ಕೆಟ್ಟಿತೆಂದು ನೀವು ಕೋಲನ್ನು ಅಟ್ಟಕ್ಕೆ ಹಾಕಿದಿರಿ. ನಾನೂ ಹೌದೆಂದೆ. ಕೈ ನಡುಗುವುದು ನಿಜವೇ ಇರಬಹುದು. ಅದು ಚೆಂಡಿಗೆ ಗೊತ್ತಾಗಿತ್ತೇ ಎಂದು ಮಾತ್ರ ನಾವಿಬ್ಬರೂ ನೋಡಲಿಲ್ಲ. ನಾವು ಹೋಗುವಷ್ಟರಲ್ಲಿ ದಿನವೂ ಇಬ್ಬನಿ ಗುಡಿಸಿಯಾಗಿರುತ್ತಿತ್ತು, ಗೆರೆ ಮೂಡುತ್ತಲೇ ಇರಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ. ಅಜ್ಜಿ ಉಪ್ಪು ಹಾಕಿದ ಓಟ್ಸ್ ಗಂಜಿ ಬಿಡದೆ ತಿನ್ನಿಸುತ್ತಾರೆ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಕೋಲು ಇಳಿಸಿಕೊಂಡು, ಮಂಡಿಗೆ ಉಣ್ಣೆಪಟ್ಟಿ ಸುತ್ತಿಕೊಂಡು, ಅಲ್ಲಿಯ ಮಾಲಿಗಿಂತ ಮುಂಚೆ ಮೈದಾನಕ್ಕೆ ಹೋಗಿ. ಚೆಂಡು ಗುಳಿಗೆ ಬೀಳದಿದ್ದರೂ ಚಿಂತೆಯಿಲ್ಲ. ಗೆರೆ ಹೇಗಿತ್ತು, ಅಷ್ಟು ಬರೆಯಿರಿ.

ಇಷಬೆಲ್